ಎರಡನೆಯ ಬೆಲ್ಟ್

ಬೆಲ್ಟಿನ ಮೇಲೆ ಬೆರಳಾಡಿಸಿದ ಜಕ್ಕಪ್ಪ ಆ ಬೆರಳನ್ನು ಬಿಸಿಲಿಗೆ ಹಿಡಿದು ನೋಡಿ ಪ್ಯಾಂಟಿಗೆ ಒರೆಸಿಕೊಂಡ. ಇನ್ನೊಮ್ಮೆ ಆಡಿಸಿದ, ಇನ್ನೊಮ್ಮೆ ಒರೆಸಿಕೊಂಡ.

"ಅಕ್ಕೋರ, ಸೀಲ್ ಹೋಗೇತ್ರಿ," ಎಂದ.

ಪ್ರತಿಮಾ ಆಗಷ್ಟೇ ಬೀಳಗಿ ಬಸ್ಸಿನಿಂದ ಇಳಿದು ಬಂದಿದ್ದಳು. ಹೆಗಲ ಮೇಲಿನ ಚೀಲದಲ್ಲಿ ತಿದ್ದಬೇಕಾದ ಒಂಬತ್ತನೆಯ ತರಗತಿಯ ಗಣಿತದ ಪೇಪರುಗಳಿದ್ದವು. ಚೀಲ ಇಳಿಸದೆಯೇ ಕೇಳಿದಳು, "ಯಾವ ಸೀಲ್?"

"ಎಂಜಿನ್ನಿನೊಳಗಿನ ಎಣ್ಣಿ ಹೊರಗ ಬರದಂಗ ತಡಿತೈತಲ್ರಿ, ಆ ರಬ್ಬರಿನ ಉಂಗರ. ಅದು ಸೋರಿ ಬೆಲ್ಟಿಗೆಲ್ಲಾ ಎಣ್ಣಿ ಬಡದೈತಿ ನೋಡ್ರಿ. ಮೊನ್ನಿ ರವಿವಾರ ಹಾಕಿದ್ದು. ಇನ್ನಾ ಒಂದ್ ಮಾರು ಓಡಿಲ್ಲ, ಕೆಟ್ಟಹೋತು."

ಗಲಗಲಿಯ ಆ ಮನೆಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ, ಕಾರು ಮೂರು ಕಾಲಿನ ಮೇಲೆ ನಿಂತಿತ್ತು. ಬಲಗಡೆಯ ಮುಂದಿನ ಚಕ್ರವನ್ನು ಬಿಚ್ಚಿ ಗೋಡೆಗೆ ಒರಗಿಸಲಾಗಿತ್ತು. ಎಂಜಿನ್ನಿನ ಅಡಿಗೆ ಜಾಕು, ಜಾಕಿನ ಮೇಲೊಂದು ಮರದ ತುಂಡು. ಹತ್ತು ವರ್ಷದ ಡೀಸೆಲ್ ಗಾಡಿ. ಕಳೆದ ವರ್ಷ ಮುಧೋಳದ ಒಬ್ಬ ನಿವೃತ್ತ ಎಂಜಿನಿಯರರಿಂದ ಕೊಂಡದ್ದು. ಪ್ರತಿಮಾಳ ಹೆಸರಿನಲ್ಲಿ ಕಾಗದಪತ್ರವಿದ್ದ ಮೊದಲ ವಸ್ತು ಅದು. ಅದಕ್ಕೂ ಮೊದಲು ಬೀಳಗಿಯ ತನಕ ಒಂದು ಬಸ್ಸು, ಅಲ್ಲಿಂದ ಶಾಲೆಯ ಊರಿಗೆ ಟಂಟಂ ಆಟೋ. ಪ್ರಾರ್ಥನೆಗೆ ಮುಟ್ಟಬೇಕೆಂದರೆ ಏಳಕ್ಕೇ ಮನೆ ಬಿಡಬೇಕಿತ್ತು. ಕಾರು ಬಂದ ಮೇಲೆ ಅದೇ ಏಳು ಗಂಟೆಗೆ ಅವಳು ಕೂತು ಚಹಾ ಕುಡಿಯತೊಡಗಿದ್ದಳು.

ಗಾಡಿ ಒಂದು ಲಕ್ಷ ಕಿಲೋಮೀಟರಿನ ಹತ್ತಿರ ಬಂದಾಗ ಎಚ್ಚರಿಸಿದವನು ಜಕ್ಕಪ್ಪನೇ. ಟೈಮಿಂಗ್ ಬೆಲ್ಟ್ ಒಮ್ಮೆಯೂ ಬದಲಾದ ಗುರುತಿರಲಿಲ್ಲ. ಅವನ ಗ್ಯಾರೇಜು ಜಮಖಂಡಿಯಲ್ಲಿ; ಅವನ ಅಕ್ಕನನ್ನು ಕೊಟ್ಟದ್ದು ಗಲಗಲಿಗೆ. ರವಿವಾರ ಗ್ಯಾರೇಜಿಗೆ ರಜೆ, ಅಕ್ಕನ ಮನೆಯ ಊಟವೂ ಆದೀತು, ಈ ಕೆಲಸವೂ ಆದೀತು ಎಂದು ಸಾಮಾನು ಕಟ್ಟಿಕೊಂಡು ಬಂದಿದ್ದ. ಬಂದವನು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ ಬೆಲ್ಟಿನ ಮುಖವನ್ನೇ ನೋಡಲಿಲ್ಲ. ಚಕ್ರ ಬಿಚ್ಚಬೇಕು, ಎಂಜಿನ್ನಿಗೆ ಅಡಿಯಿಂದ ಆಸರೆ ಕೊಡಬೇಕು, ಅದನ್ನು ಹಿಡಿದುಕೊಂಡಿರುವ ಮೌಂಟ್ ತೆಗೆಯಬೇಕು, ಆಮೇಲೆ ಕೆಳಗಿನ ಪುಲ್ಲಿಯ ಬೋಲ್ಟು. ಆ ಒಂದು ಬೋಲ್ಟು ಒಂದೂವರೆ ತಾಸು ತಿಂದಿತು. ಬೋಲ್ಟು ತಿರುವುವ ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ, ಪೈಪಿನ ಮೇಲೆ ತಾನೇ ಹತ್ತಿ ನಿಂತು ಕುಣಿದ ಮೇಲೆ ಅದು ಕದಲಿತು. ಬೆಲ್ಟು, ಅದನ್ನು ಬಿಗಿ ಹಿಡಿಯುವ ಗಾಲಿಗಳು, ಜತೆಗೇ ಬದಲಿಸಬೇಕಾದ ನೀರಿನ ಪಂಪು, ಕೂಲಿ, ಎಲ್ಲ ಸೇರಿ ಹದಿಮೂರು ಸಾವಿರ.

"ಅಷ್ಟ ಸಣ್ಣ ಪಟ್ಟಿಗೆ ಹದಿಮೂರ ಸಾವಿರಾ?" ಎಂದು ಪ್ರತಿಮಾಳ ಅತ್ತೆ ಲಗಮವ್ವ ಬಾಗಿಲಲ್ಲಿ ನಿಂತು ಕೇಳಿದ್ದಳು. "ಆ ರೊಕ್ಕದಾಗ ಆಡ ತಂದಿದ್ರ ಇಷ್ಟೊತ್ತಿಗೆ ಎರಡೆರಡ ಮರಿ ಹಾಕತಿದ್ವು."

"ನಿಮ್ಮ ಆಡಿನ ಮ್ಯಾಲ ಕುಂತು ಅಕ್ಕೋರು ಸಾಲಿಗಿ ಹೋಗಾಕ ಆಕ್ಕೈತೇನ ಬೇ ಯವ್ವಾ?" ಎಂದಿದ್ದ ಜಕ್ಕಪ್ಪ, ಗಾಡಿಯ ಅಡಿಯಿಂದಲೇ. "ಬ್ಯಾರೆ ಬೆಲ್ಟ್ ಹರದ್ರ ಗಾಡಿ ನಿಂದರತೈತಿ, ಹೊಸಾದ ಹಾಕಿದ್ರ ಮತ್ತ ಓಡತೈತಿ. ಇದು ಹಂಗಲ್ಲ. ಪಿಸ್ಟನ್ ಮ್ಯಾಲ ಬರೂದು, ವಾಲ್ವ್ ತೆರಿಯೂದು, ಎರಡಕ್ಕೂ ತಾಳ ಹಿಡಿಯೂದ ಇದು. ಒಣಗಿ ಬಿರಕ ಬಿಟ್ಟು ದಾರ್ಯಾಗ ಹರೀತಂದ್ರ ಒಂದಕ್ಕೊಂದು ಬಡಕೊಂಡು ಎಂಜಿನ್ನ ಹೋತು. ಅಕ್ಕೋರು ಒಬ್ಬರ ನಡುದಾರ್ಯಾಗ."

ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಮಾವ ಮುದಕಪ್ಪ ಇದನ್ನೆಲ್ಲ ಕೇಳಿಸಿಕೊಂಡಿದ್ದ.

ಬೆಲ್ಟೇನೋ ಕೂತಿತು. ಆದರೆ ಬಿಚ್ಚಿದ ಮೌಂಟಿನ ರಬ್ಬರು ಹರಿದದ್ದು ಕಂಡಿತು. ಅದು ಹುಬ್ಬಳ್ಳಿಯಿಂದ ಬರಬೇಕು, ಬರುವುದು ಮಂಗಳವಾರ. ಮೌಂಟ್ ಕೂರದೆ ಬೆಲ್ಟಿನ ಮುಚ್ಚಳ ಕೂರುವಂತಿರಲಿಲ್ಲ. "ಯಾರೂ ಗಾಡಿ ಚಾಲೂ ಮಾಡಬ್ಯಾಡ್ರಿ" ಎಂದಷ್ಟೇ ಹೇಳಿ, ತೆರೆದ ಎಂಜಿನ್ನಿನ ಮೇಲೊಂದು ಗೋಣಿತಟ್ಟು ಹೊದಿಸಿ ಜಕ್ಕಪ್ಪ ಊಟಕ್ಕೆ ಹೋಗಿದ್ದ. ಇವತ್ತು, ಮಂಗಳವಾರ, ಮೌಂಟ್ ಹಿಡಿದು ಬಂದು ತಟ್ಟು ಸರಿಸಿದರೆ ಬೆಲ್ಟಿಗೆಲ್ಲ ಎಣ್ಣೆ.

"ಸೀಲಿಗಿ ಎಷ್ಟಾಕ್ಕೈತಿ?" ಪ್ರತಿಮಾ ಕೇಳಿದಳು.

"ಸೀಲಿಗೇನ್ರಿ, ನಾಕನೂರು. ಅದರ ತನಾ ಕೈ ಒಯ್ಯಾಕ ಐದ ಸಾವಿರ. ಬೆಲ್ಟ್ ಬ್ಯಾರೆ." ಜಕ್ಕಪ್ಪ ತಲೆ ಕೆರೆದುಕೊಂಡ. "ಮತ್ತ ಸುಳ್ಳ್ಯಾಕ ಹೇಳ್ಲಿ, ನಿಂತ ಗಾಡ್ಯಾಗ ಇಷ್ಟ ಸೋರೇತಂದ್ರ ಎಂಜಿನ್ನಿನ ಒಳಗ ಇನ್ನೇನೈತೋ. ಬಿಚ್ಚಿದ ಮ್ಯಾಲ ಗೊತ್ತಾಗೂದು."

ಪ್ರತಿಮಾ ಗಂಡನಿಗೆ ಫೋನು ಮಾಡಿದಳು. ಜ್ಞಾನೇಶ್ವರ ಸಕ್ಕರೆ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಯಾವ ಮಾತನ್ನೂ ಎರಡು ಸಲ ಕೇಳಿಸಿಕೊಳ್ಳುವ ಪುರುಸೊತ್ತು ಅವನಿಗಿರಲಿಲ್ಲ.

"ಸಾಕು ಪ್ರತಿಮಾ. ಬನಹಟ್ಟಿ ವೀರಣ್ಣ ಇದ್ದಂಗ ಒಯ್ತೇನಿ ಅಂತ ಮೊನ್ನಿನ ಹೇಳ್ಯಾನ. ನೂಲಿನ ಅಂಗಡಿಗಿ ಅವನಿಗೊಂದು ಗಾಡಿ ಬೇಕಾಗೇತಿ. ಒಂದೂವರಿ ಲಕ್ಷ. ನಾಳಿ ಮುಂಜಾನಿ ಬಂದು ಎಳಕೊಂಡ ಹೊಕ್ಕಾನ."

"ಮತ್ತ ನಾ ಸಾಲಿಗಿ?"

"ಮೊದಲ ಹ್ಯಾಂಗ ಹೊಕ್ಕಿದ್ದಿ, ಹಂಗ."

"ಮೊದಲ ಹ್ಯಾಂಗ ಹೊಕ್ಕಿದ್ನಿ ಅಂತ ನಿಮಗೇನ ಗೊತ್ತರಿ? ನಾ ಮನಿ ಬಿಡೂಮುಂದ ನೀವು ಗೊರಕಿ ಹೊಡೀತಿದ್ರಿ."

ಜಕ್ಕಪ್ಪ ನಗು ತಡೆಯಲು ಬಾನೆಟ್ಟಿನೊಳಕ್ಕೆ ತಲೆ ತೂರಿಸಿದ. "ಅರ್ಧಾ ತಾಸಿನ್ಯಾಗ ಹೇಳು. ವೀರಣ್ಣಗ ಫೋನ್ ಮಾಡಬೇಕು," ಎಂದು ಜ್ಞಾನೇಶ್ವರ ಇಟ್ಟುಬಿಟ್ಟ.

ಪ್ರತಿಮಾ ಚೀಲ ಇಳಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಮುಂದೆ ಬಂದು ನಿಂತಳು. ಅವಳಿಗೆ ಎಂಜಿನ್ ತಿಳಿಯುತ್ತಿರಲಿಲ್ಲ. ಆದರೆ ಉತ್ತರ ತಪ್ಪಿದ ಲೆಕ್ಕವನ್ನು ಮೊದಲ ಸಾಲಿನಿಂದ ನೋಡುತ್ತ ಬರುವುದು ಅವಳ ದಿನದ ಕೆಲಸ.

"ಜಕ್ಕಪ್ಪ, ಈ ಗಾಡಿ ಒಳಗಿನ ಎಣ್ಣಿ ಯಾವ ಬಣ್ಣ ಐತಿ?"

"ಡೀಸೆಲ್ ಗಾಡಿ ಅಲ್ರಿ, ಕಾಡಿಗಿ ಇದ್ದಂಗ ಇರತೈತಿ."

"ಇದು ಕರ್ರಗ ಇಲ್ಲಲ್ಲ?"

ಜಕ್ಕಪ್ಪ ಬಗ್ಗಿ ನೋಡಿದ. ಎಣ್ಣೆ ತೆಳು ಹಳದಿ, ಅಂಟಂಟು. ಮೇಲ್ಗಡೆ ಬೆಲ್ಟಿನ ಬೆನ್ನಿಗೂ ಹಲ್ಲಿಗೂ ಒಂದೇ ಸಮನೆ ಬಳಿದಂತಿತ್ತು. ಕೈ ಮುಟ್ಟದಷ್ಟು ಕೆಳಗೆ, ಸೋರಿದ್ದರೆ ಮೊದಲು ನೆನೆಯಬೇಕಿದ್ದ ಕಡೆ ಮಾತ್ರ, ಬೆಲ್ಟು ಒಣಗಿತ್ತು. ಎರಡು ಹಲ್ಲುಗಳ ನಡುವೆ ಕೂದಲೆಳೆಯಂಥದು ಏನೋ ಸಿಕ್ಕಿಕೊಂಡಿತ್ತು. ಪ್ರತಿಮಾ ಉಗುರಿನಿಂದ ಬಿಡಿಸಿದಳು. ಕೋಳಿಪುಕ್ಕದ ಎಸಳು.

ಬೆರಳು ಮೂಗಿಗೆ ಹಿಡಿದಳು. ಆ ಮನೆಗೆ ಸೊಸೆಯಾಗಿ ಬಂದ ಹನ್ನೊಂದು ವರ್ಷದಲ್ಲಿ ಆ ವಾಸನೆ ಅವಳಿಗೆ ಚೆನ್ನಾಗಿ ಪರಿಚಯವಾಗಿತ್ತು. ಬೀರೇಶ್ವರನ ಗುಡಿಯ ಡೊಳ್ಳು ಹೆಗಲಿಗೇರಿಸುವ ತೊಗಲಿನ ಪಟ್ಟೆ, ಎತ್ತಿನ ಮಿಣಿ, ಮುದಕಪ್ಪನ ದಪ್ಪ ಅಟ್ಟೆಯ ಚಪ್ಪಲಿ, ತೊಗಲಿನದು ಯಾವುದಿದ್ದರೂ ತಿಂಗಳಿಗೊಮ್ಮೆ ಕಟ್ಟೆಯ ಮೇಲೆ ಸಾಲಾಗಿ ಬಂದು ಮಲಗುತ್ತಿತ್ತು. ಮುದಕಪ್ಪ ಕೋಳಿಯ ಪುಕ್ಕ ಅದ್ದಿ ಅದ್ದಿ ಔಡಲೆಣ್ಣೆ ಉಣಿಸುತ್ತಿದ್ದ. ಕುರಿ ಹಿಂಡಿನ ಹಿಂದೆ ನಲವತ್ತು ವರ್ಷ ತಿರುಗಿದವನು ತನ್ನ ಚಪ್ಪಲಿಯ ಬಾರು ಒಮ್ಮೆಯೂ ದಾರಿಯಲ್ಲಿ ಹರಿಯಲಿಲ್ಲವೆಂದು ಊರಿಗೇ ಹೇಳುತ್ತಿದ್ದ.

ಪ್ರತಿಮಾ ಪಡಸಾಲೆಯ ಗೂಡಿನತ್ತ ನೋಡಿದಳು. ಔಡಲೆಣ್ಣೆಯ ಬಾಟಲಿ ಅರ್ಧಕ್ಕಿಳಿದಿತ್ತು. ಪಕ್ಕದಲ್ಲಿ ಎಣ್ಣೆಯಲ್ಲಿ ತೋಯ್ದ ಪುಕ್ಕ.

ಎಂಜಿನ್ ಸೋರಿಲ್ಲ, ಗಾಡಿ ಉಳಿಯಿತು ಎಂದು ಅವಳ ಎದೆ ಹಗುರಾಯಿತು. ಆದರೆ ಪರರ ಎದುರು ಇದನ್ನು ಹೇಳುವುದು ಹೇಗೆ? ಹೇಳದಿದ್ದರೆ ನಾಳೆ ವೀರಣ್ಣ ಬರುತ್ತಾನೆ. ಲಗಮವ್ವನಿಗೆ ತಿಳಿದರೆ ಈ ಕಥೆ ಶುಕ್ರವಾರದೊಳಗೆ ಹೊಳೆಯ ಆಚೆ ದಂಡೆಯನ್ನೂ ಮುಟ್ಟುತ್ತದೆ.

ಅಷ್ಟರಲ್ಲಿ ಆಡಿಗೆ ಹಾಕುವ ಜಾಲಿಸೊಪ್ಪಿನ ಹೊರೆ ಹೊತ್ತು ಮುದಕಪ್ಪನೇ ಅಂಗಳಕ್ಕೆ ಬಂದ. ಹೊರೆ ಇಳಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ನೇರ ಗಾಡಿಯ ಹತ್ತಿರ ನಡೆದ.

"ಹ್ಯಾಂಗ್ ಐತಿ ಜಕ್ಕಪ್ಪ? ಬೆಲ್ಟ್ ಈಗ ಛಲೋ ಮೆತ್ತಗ ಆಗೇತಿಲ್ಲೋ?"

ಜಕ್ಕಪ್ಪ ಪ್ರತಿಮಾಳ ಕೈಯಲ್ಲಿದ್ದ ಪುಕ್ಕದ ಎಸಳನ್ನು ನೋಡಿದ.

"ನೀ ಹಾಕಿ ಹೋದಾಗ ನೋಡಿದ್ನೆಪಾ, ಒಣಗಿ ಕಟಗಿ ಆಗಿತ್ತು. ನೀನ ಅಂದಿ, ಒಣಗಿದ್ರ ಬಿರಕ ಬಿಡತೈತಿ ಅಂತ. ನಿನ್ನಿ ಮುಂಜಾನಿಂದ ಮೂರ ಸರ್ತಿ ಉಣಿಸೇನಿ. ಹಲ್ಲ ಹಲ್ಲಿಗೂ."

ಜಕ್ಕಪ್ಪ ಕೈಯಲ್ಲಿದ್ದ ಪಾನಾವನ್ನು ಮೆಲ್ಲಗೆ ನೆಲಕ್ಕಿಟ್ಟ. ಬಾಗಿಲಲ್ಲಿದ್ದ ಲಗಮವ್ವ ಮೊದಲು ಗಂಡನನ್ನು ನೋಡಿದಳು, ಆಮೇಲೆ ಗಾಡಿಯನ್ನು, ಆಮೇಲೆ ಹೊಸ್ತಿಲ ಮೇಲೆಯೇ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಅಯ್ಯ ನನ ಶಿವನ! ಇನ್ನೊಂದೆರಡ ದಿನಾ ಬಿಟ್ಟಿದ್ರ ಗಾಡಿಗೆ ಬಾಣಂತಿ ಖಾರಾನೂ ತಿನಸ್ತಿದ್ರು ಇವರು!"

"ಯಾಕ ನಗ್ತೀ ಬೇ?" ಎಂದ ಮುದಕಪ್ಪ. ಜಕ್ಕಪ್ಪನ ಮುಖ ನೋಡಿದ. "ತೊಗಲಲ್ಲೇನದು?"

"ರಬ್ಬರ್ ಅಜ್ಜಾ. ತೊಗಲಿಗೆ ಎಣ್ಣಿ ಊಟ ಇದ್ದಂಗ. ಇದಕ್ಕ ವಿಷ. ಕುಡದು ಉಬ್ಬತೈತಿ, ಹಲ್ಲ ಸಡಿಲ ಆಕ್ಕಾವ, ಜಾರತೈತಿ."

"ಒರಸಿದ್ರ?"

"ಒರಸಿದ್ರ ಹೋಗಾಂಗಿಲ್ಲ. ಇದು ಹೋದಂಗ."

ಮುದಕಪ್ಪ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಲಗಮವ್ವನ ನಗು ತಾನಾಗಿ ಇಳಿಯಿತು.

"ಹೊಳಿ ದಂಡಿ ದಾರಿ," ಎಂದ ಅವನು ಸೊಸೆಯ ಕಡೆ ನೋಡದೆ. "ಕಬ್ಬು ಎದ್ದಾಗ ಎರಡೂ ಬಾಜೂ ಒಂದ್ ನರಪಿಳ್ಳಿ ಕಾಣಾಂಗಿಲ್ಲ. ಅಲ್ಲಿ ಹರದ್ರ ಈಕಿ ಒಬ್ಬಾಕಿ ಏನ್ ಮಾಡ್ಬೇಕು ಅನ್ನಿಸ್ತು. ಅದಕ."

ಕಾರು ಮನೆಗೆ ಬಂದ ದಿನದಿಂದ ಮಾವ ಅದರ ಬಗ್ಗೆ ಆಡಿದ ಅತಿ ಉದ್ದದ ಮಾತು ಇದಾಗಿತ್ತು.

ಜಕ್ಕಪ್ಪ ಗಂಟಲು ಸರಿಮಾಡಿಕೊಂಡ. "ಅಜ್ಜಾ, ತಪ್ಪು ನಂದ. ಚಾಲೂ ಮಾಡಬ್ಯಾಡ್ರಿ ಅಂದ್ನಿ, ಮುಟ್ಟಬ್ಯಾಡ್ರಿ ಅನಲಿಲ್ಲ. ಇವತ್ತ ಮೂಸಿ ನೋಡಬೇಕಿತ್ತು, ಅದೂ ನೋಡಲಿಲ್ಲ. ಇಪ್ಪತ್ತ ವರ್ಷದ ಮೇಸ್ತ್ರಿ ಅಂತ ಎದಿ ಉಬ್ಬಿಸಿ ತಿರಗತೇನಿ. ಅಕ್ಕೋರ, ಬೆಲ್ಟಿಂದಷ್ಟ ಕೊಡ್ರಿ, ಎರಡ ಸಾವಿರದ ನೂರು. ಗಾಲಿ ಗೀಲಿ ತೊಳದ ಹಾಕತೇನಿ. ಕೂಲಿ ಬ್ಯಾಡ. ಅರ್ಧಾ ಬಿಚ್ಚೇ ಐತೆಲ್ಲ."

"ಎಂಜಿನ್?"

"ಎಂಜಿನ್ನಿಗೆ ಏನಾಗೇತ್ರಿ? ಗಟ್ಟಿ ಐತಿ. ನಿಮ್ಮ ಮಾವಗಿಂತ ಗಟ್ಟಿ."

ಫೋನು ತಾನಾಗಿಯೇ ಬಂತು. ಅರ್ಧ ತಾಸಿಗೆ ಇನ್ನೂ ಆರು ನಿಮಿಷವಿತ್ತು.

"ಏನ್ ಮಾಡಿದಿ?" ಜ್ಞಾನೇಶ್ವರ ಕೇಳಿದ.

"ಸೀಲ್ ಹೋಗಿಲ್ಲರಿ. ಬೆಲ್ಟ್ ಒಂದ ಹಾಕಬೇಕು. ಎರಡ ಸಾವಿರದ ನೂರು, ನಾ ಕೊಡತೇನಿ."

"ಮತ್ತ ಎಣ್ಣಿ ಎಲ್ಲಿಂದ ಬಂತು?"

ಮುದಕಪ್ಪ ನೆಲ ನೋಡುತ್ತಿದ್ದ. ಕಾಲಿನ ಹೆಬ್ಬೆರಳು ಒಂದು ಬೇವಿನ ಕಾಯಿಯನ್ನು ಅತ್ತಿತ್ತ ಉರುಳಿಸುತ್ತಿತ್ತು. ಲಗಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಹೊರಗಿಂದ ಬಿದ್ದಿತ್ತು," ಎಂದಳು ಪ್ರತಿಮಾ. "ಜಕ್ಕಪ್ಪ ನೋಡ್ಯಾನ. ವೀರಣ್ಣಗ ಕೊಡೂದಿಲ್ಲ ಅಂತ ಹೇಳ್ರಿ."

"ಒಂದೂವರಿ ಲಕ್ಷ ಪ್ರತಿಮಾ."

"ಸಹಿ ನಂದಲ್ರಿ? ನಾ ಮಾಡೂದಿಲ್ಲ."

ಆ ಕಡೆಯಿಂದ ಒಂದು ಸಣ್ಣ ನಗು ಕೇಳಿಸಿತು. "ಆತು ಬಿಡು. ಮುಂಜಾನಿ ನಿನ್ನ ಚಹಾ ಜೋಡಿ ನನಗೂ ಒಂದ ಕಪ್ ಇಡೂದು ರೂಢಿ ಆಗಿತ್ತು."

ಗುರುವಾರ ಜಕ್ಕಪ್ಪ ಜಮಖಂಡಿಯಿಂದ ಬೆಲ್ಟ್ ತಂದ. ಪ್ರತಿಮಾ ಶಾಲೆಯಿಂದ ಬರುವಷ್ಟರಲ್ಲಿ ಅದು ಹಲ್ಲಿಗೆ ಹಲ್ಲು ಕೂತಿತ್ತು. ಬೆಳಗಿನಿಂದ ಮುದಕಪ್ಪ ಗಾಡಿಯಿಂದ ನಾಲ್ಕು ಮಾರು ದೂರದಲ್ಲಿ ಕೂತಿದ್ದನಂತೆ. ಕೋಳಿಗಳನ್ನು ಹತ್ತಿರ ಬಿಟ್ಟಿರಲಿಲ್ಲ. ಲಗಮವ್ವ ಪಾತ್ರೆಯ ನೀರು ಚೆಲ್ಲಲು ಹೊರಗೆ ಬಂದರೆ ಅವಳನ್ನೂ ಬಿಟ್ಟಿರಲಿಲ್ಲ.

"ಇನ್ನೊಂದ ಕೆಲಸ ಐತಿ," ಎಂದ ಜಕ್ಕಪ್ಪ. "ಚಾಲೂ ಮಾಡೂಕಿಂತ ಮೊದಲ ಎಂಜಿನ್ನ ಕೈಲೆ ಎರಡ ಸುತ್ತು ತಿರುವಬೇಕು. ಒಳಗ ಎಲ್ಲೂ ಬಡಿಯಾಂಗಿಲ್ಲ ಅಂತ ಖಾತ್ರಿ ಆಗಬೇಕು. ನಾ ಮ್ಯಾಲ ಗಾಲಿ ಗುರುತು ಕಚ್ಚಿಗಿ ಸರಿ ಕೂಡತೈತೋ ಇಲ್ಲೋ ನೋಡತೇನಿ, ಕೆಳಗ ಪಾನಾ ತಿರುವಾಕ ಒಬ್ಬರು ಬೇಕು."

ಪ್ರತಿಮಾ ಚೀಲ ಇಳಿಸಲು ಹೋದವಳು ಇಳಿಸಲಿಲ್ಲ.

"ಮಾವಾರ," ಎಂದಳು, "ನೀವ ಬರ್ರಿ."

ಮುದಕಪ್ಪ ಅವಳನ್ನು ನೋಡಿದ. ಎದ್ದು ಬಚ್ಚಲಿಗೆ ಹೋದ. ಸಾಬೂನು ಹಚ್ಚಿ ಕೈ ತೊಳೆಯುವ ಸದ್ದು ಎರಡು ಸಲ ಕೇಳಿಸಿತು. ಬಂದವನು ಚಕ್ರವಿಲ್ಲದ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕೂತ. ಜಕ್ಕಪ್ಪ ಪಾನಾವನ್ನು ಬೋಲ್ಟಿಗೆ ಸಿಕ್ಕಿಸಿ ಹಿಡಿಕೆಯನ್ನು ಅವನ ಕೈಗಿತ್ತ.

"ಸಾವಕಾಶ ಅಜ್ಜಾ. ನಡಬರಕ ಬಿಗಿ ಬರತೈತಿ, ಅದಕ್ಕ ಅಂಜಬ್ಯಾಡ. ಟಕ್ ಅಂತ ತಡೀತಂದ್ರ ಮಾತ್ರ ನಿಂದರ್ಸು."

"ಗೊತ್ತಾಗತೈತಿ," ಎಂದ ಮುದಕಪ್ಪ. ಅಡ್ಡ ಬಿದ್ದ ಮರಿಯನ್ನು ಕುರಿಯ ಹೊಟ್ಟೆಯೊಳಗೇ ತಿರುಗಿಸಿ ಹೊರಗೆ ತೆಗೆದ ಕೈ ಅದು. ಕಣ್ಣು ಮುಚ್ಚಿಕೊಂಡು ತಿರುವತೊಡಗಿದ. ಬಿಗಿ ಬಂದಾಗ ನಿಂತ, ಕಾದ, ಮತ್ತೆ ಒತ್ತಿದ. ಒಳಗೆಲ್ಲೋ ಉಸಿರು ಬಿಟ್ಟಂತೆ ಸದ್ದಾಯಿತು. ಮೊದಲ ಸುತ್ತು ಮುಗಿಯಿತು. ಲಗಮವ್ವ ಕೈಯಲ್ಲಿ ತಂಬಿಗೆ ಹಿಡಿದವಳು ಹಿಡಿದಂತೆಯೇ ನಿಂತಿದ್ದಳು.

ಎರಡನೆಯ ಸುತ್ತಿನ ಕೊನೆಗೆ, ಮೇಲ್ಗಡೆಯ ಗಾಲಿಯ ಮೇಲಿದ್ದ ಬಿಳಿಯ ಗೀಟು ಅಂಚಿನಿಂದ ನಿಧಾನವಾಗಿ ಎದ್ದು ಬಂತು. ಪ್ರತಿಮಾ ಬಗ್ಗಿ ನೋಡುತ್ತಿದ್ದಳು. ಇನ್ನೊಂದು ಹಲ್ಲು, ಇನ್ನರ್ಧ ಹಲ್ಲು. ಗೀಟು ಬಂದು ಎಂಜಿನ್ನಿನ ಮೇಲಿನ ಕಚ್ಚಿಗೆ ಎದುರಾಗಿ ನಿಂತಿತು.

"ಸಾಕು. ಸರಿ ಕೂಡೇತಿ," ಎಂದ ಜಕ್ಕಪ್ಪ.

ಮುದಕಪ್ಪ ಕಣ್ಣು ತೆರೆದ, ಪಾನಾ ಬಿಡಲಿಲ್ಲ. ಎರಡೂ ಕೈಯಲ್ಲಿ ಹಾಗೆಯೇ ಹಿಡಿದುಕೊಂಡು, ಕತ್ತೆತ್ತಿ ಸೊಸೆಯ ಮುಖ ನೋಡುತ್ತ ಕೂತ.