ಪುಕ್ಕಟೆ ವಿಂಡೋಸ್ ಮತ್ತು ವಿಶಾಖಾಳ ಬಿಳಿ ಬ್ಲೌಸ್

ಕಂಪ್ಯೂಟರ್ ಕೊಳ್ಳಲು ನಮ್ಮ ಜನ ಹತ್ತು ಅಂಗಡಿ ತಿರುಗುತ್ತಾರೆ. ಅದರೊಳಗಿನ ವಿಂಡೋಸ್ ಮಾತ್ರ ಪುಕ್ಕಟೆ ಬೇಕು! ಭಾಲ್ಕಿಯ ಮಚ್ಛೇಂದ್ರನೂ ಹಾಗೇ ಮಾಡಿದ. ಅವನ ಹೆಂಡತಿ ಮೀರಾಬಾಯಿಗೆ ಬ್ಲೌಸ್ ಎಂಬ್ರಾಯ್ಡರಿ ಅಂಗಡಿಯಿದೆ. ಕಂಪ್ಯೂಟರಿನಲ್ಲಿ ಡಿಸೈನ್ ಬಿಡಿಸಿ ಕೊಟ್ಟರೆ ಮಷೀನು ಹೊಲಿಯುತ್ತದೆ. ಪರಿಚಯದವನೊಬ್ಬ ನಕಲಿ ವಿಂಡೋಸ್ ಹಾಕಿಕೊಟ್ಟ. ನಕಲಿಯೆಂಬುದು ಸಿಕ್ಕಿಬಿದ್ದೀತೆಂದು ಅಪ್ಡೇಟನ್ನೂ ಬಂದ್ ಮಾಡಿ ಹೋದ. ರೊಕ್ಕ ಉಳಿಯಿತೆಂದು ಮಚ್ಛೇಂದ್ರ ಮೀಸೆ ತಿರುವಿದ.

ಮಗಳು ವಿಶಾಖಾಳ ಮದುವೆ ಹತ್ತಿರ ಬಂತು. ಅವರದು ಬೌದ್ಧ ಮನೆತನ, ಮದುಮಗಳಿಗೆ ಬಿಳಿ ಸೀರೆ. ಬಿಳಿ ಬ್ಲೌಸಿನ ತೋಳಿಗೆಂದು ಮೀರಾಬಾಯಿ ಬೋಧಿ ಎಲೆಗಳ ಬಳ್ಳಿಯೊಂದನ್ನು ತಾನೇ ಬಿಡಿಸಿದ್ದಳು. ಒಂದು ತೋಳು ಮುಗಿಯಿತು. ಇನ್ನೊಂದಕ್ಕೆಂದು ಕಂಪ್ಯೂಟರ್ ಹಚ್ಚಿದರೆ, ವೈರಸ್ ಹೊಕ್ಕು ಎಲ್ಲ ಫೈಲಿಗೂ ಬೀಗ! ತೆಗೆಯಲು ಹಣ ಕೊಡಿ ಎಂದು ಪರದೆಯ ಮೇಲೆ ಬರೆದಿತ್ತು. ಮೀರಾಬಾಯಿ ಉಣ್ಣದೆ ಕುಳಿತಳು.

ಮಚ್ಛೇಂದ್ರನ ಅಣ್ಣನ ಮಗಳು ಪ್ರಣಾಲಿಗೆ ಬೀದರ ಹತ್ತಿರದ ಕೊಳಾರದ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಸುದ್ದಿ ತಿಳಿದು ಓಡಿಬಂದಳು.

“ಕಾಕಾ, ಅಪ್ಡೇಟ್ ಬಂದ್ ಇತ್ತಲ್ರಿ, ಅದಕ್ಕೇ ವೈರಸ್ ಹೊಕ್ಕದ. ಈ ಫೈಲ್ ತೆಗೀಲಿಕ್ಕ ಬರಂಗಿಲ್ರಿ. ರೊಕ್ಕ ಕೊಟ್ರೂ ಭರೋಸಾ ಇಲ್ಲ. ಬ್ಯಾರೆ ಕಡಿ ಕಾಪಿ ಇಟ್ಟೀರೇನ್ರಿ?”

“ಇಲ್ಲವ್ವಾ. ತಪ್ಪು ನಂದೇ. ಈಕಿ ರೊಕ್ಕ ಉಳಸ್ಲಿಕ್ಕ ಹೋಗಿ ಈಕಿ ಕೆಲಸಾನೇ ಕಳದೆ,” ಎಂದ ಮಚ್ಛೇಂದ್ರ.

“ಬಿಡ್ರಿ. ನನ್ನ ಸಲುವಾಗೇ ಮಾಡೀರಿ,” ಎಂದಳು ಮೀರಾಬಾಯಿ. ಅವಳು ಬೈದಿದ್ದರೇ ಅವನಿಗೆ ಹಗುರಾಗುತ್ತಿತ್ತು.

“ವಿಂಡೋಸ್ ಬದ್ಲಿ ಲಿನಕ್ಸ್ ಅಂತಾರಲ್ಲ, ಅದು ಖರೇನೇ ಪುಕ್ಕಟೆ ಅದಂತ. ಅದನ್ನೇ ಹಾಕಿಬಿಡು, ಪ್ರಣಾಲಿ,” ಎಂದ ಮಚ್ಛೇಂದ್ರ.

“ಮನ್ಯಾಗಿನ ಹಳೆ ಕಂಪ್ಯೂಟರಿಗಿ ಹಾಕ್ತೇನ್ರಿ. ಬರೀಲಿಕ್ಕ, ಇಂಟರ್ನೆಟ್ ನೋಡ್ಲಿಕ್ಕ ಸಾಕು. ಅಪ್ಡೇಟೂ ಪುಕ್ಕಟೇನೇ ಬರ್ತಾವ. ಆದ್ರ ಕಾಕುನ ಎಂಬ್ರಾಯ್ಡರಿ ಸಾಫ್ಟ್‌ವೇರ್ ಅದರಾಗ ನಡ್ಯಂಗಿಲ್ಲ. ಬ್ಯಾರೇದು ಕಲಿಯೋ ತನಕ ಅಂಗಡಿ ನಿಂತ್ರ, ಅದೂ ಖರ್ಚೇ ಅಲ್ರಿ?”

“ಅಸಲಿ ವಿಂಡೋಸ್ ಭಾಳ ತುಟ್ಟಿ ಅದಲ್ಲವ್ವಾ!”

“ಒಂದ್ಸಲ ಕೊಡೋದು, ವರ್ಷಗಟ್ಲೆ ನಡೀತದ. ಹಂಚಿ ನೋಡ್ರಿ. ಈ ನಕಲಿ ಇಟ್ಕೊಂಡು ರಿಪೇರಿಗಂತ ಎಷ್ಟು ಸಲ ಬೀದರಕ್ಕ ಹೋದ್ರಿ? ಆವಾಗೆಲ್ಲ ಮಷೀನ್ ಸುಮ್ಮ ಕುಂತಿತ್ತಲ್ಲ?”

“ನಮ್ಮ ಓಣ್ಯಾಗಿನ ಪಂಢರಿ ಮಗಳ ಬ್ಲೌಸ್ ಆರ್ಡರ್ ಅದಕ್ಕೇ ಕೈ ತಪ್ಪಿತಲ್ರಿ,” ಎಂದಳು ಮೀರಾಬಾಯಿ ಮೆಲ್ಲಗೆ.

ಮಚ್ಛೇಂದ್ರ ಎದ್ದು ಕಂಪ್ಯೂಟರಿನ ಪ್ಲಗ್ಗು ಕಿತ್ತ. ಆಮೇಲೆ, “ಅಸಲೀದೇ ಹಾಕ್ಸೋಣ,” ಎಂದ.

ಅಂಗಡಿಗೆ ಅಸಲಿ ವಿಂಡೋಸ್ ಬಂತು, ಮನೆಗೆ ಲಿನಕ್ಸ್. ವಾರಕ್ಕೊಮ್ಮೆ ಫೈಲುಗಳನ್ನು ಬೇರೆ ಡಿಸ್ಕಿಗೆ ತೆಗೆದು, ವೈರಸ್ ಮುಟ್ಟದಂತೆ ಆ ಡಿಸ್ಕನ್ನು ಬಿಚ್ಚಿಡುವುದನ್ನೂ ಪ್ರಣಾಲಿ ಕಲಿಸಿದಳು. ಆದರೆ ಹೋದ ಬಳ್ಳಿ ಬರಲಿಲ್ಲ. ಡಿಸೈನ್ ಮತ್ತೆ ಬಿಡಿಸಲು ದಿನಗಳಿರಲಿಲ್ಲ. ಮೀರಾಬಾಯಿ ಮೊದಲ ತೋಳನ್ನು ಮುಂದಿಟ್ಟುಕೊಂಡು ಎರಡನೆಯದನ್ನು ಸೂಜಿಯಲ್ಲೇ ಹಾಕಿದಳು. ಮಚ್ಛೇಂದ್ರ ಪಕ್ಕದಲ್ಲಿ ಕುಳಿತು ದಾರ ಪೋಣಿಸಿಕೊಟ್ಟ. ಎಲೆಗಳು ಸ್ವಲ್ಪ ಹೆಚ್ಚುಕಡಿಮೆಯಾದವು.

ಮದುವೆಯ ದಿನ ವಿಶಾಖಾ ಸೂಜಿಯಲ್ಲಿ ಹಾಕಿದ ಆ ತೋಳನ್ನು ಸವರಿ, “ಎರಡರಾಗ ನಂಗ ಇದೇ ಛಲೋ ಅನಸ್ತದ ಅವ್ವಾ,” ಎಂದಳು. ಮಚ್ಛೇಂದ್ರ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಅಕ್ಕಾ, ಅಣ್ಣಾ, ಮನೆಗೋ ಅಂಗಡಿಗೋ ಕಂಪ್ಯೂಟರ್ ತರುವಾಗ ಕೊಂಡ ದಿನದ ಬೆಲೆಯೊಂದನ್ನೇ ನೋಡಬೇಡಿ. ನಿಮ್ಮ ಕೆಲಸದ ಸಾಫ್ಟ್‌ವೇರ್ ಅದರಲ್ಲಿ ನಡೆಯುತ್ತದೆಯೇ, ಅಪ್ಡೇಟ್ ಎಷ್ಟು ವರ್ಷ ಸಿಗುತ್ತದೆ, ಕೆಟ್ಟರೆ ಎಷ್ಟು ದುಡಿಮೆ ನಿಲ್ಲುತ್ತದೆ, ಕೇಳಿ. ಪುಕ್ಕಟೆ ಬೇಕೆಂದರೆ ಲಿನಕ್ಸ್ ಇದೆ, ನಕಲಿ ಬೇಡ. ಮೀರಾಬಾಯಿ ಒಂದು ತೋಳನ್ನು ಸೂಜಿಯಲ್ಲಿ ಉಳಿಸಿಕೊಂಡಳು. ನಿಮ್ಮ ಮಗುವಿನ ಮೊದಲ ಫೋಟೊ ಹೋದರೆ ಯಾವ ಸೂಜಿಯಿಂದಲೂ ಆಗದು. ಇವತ್ತೇ ಅದರದೊಂದು ಕಾಪಿ ತೆಗೆದಿಡಿ.