ಬೆಂದ ಪುಟ

ಲೇವಾರ್ಡೆನ್ ಊರಿನ ಕಾಲುವೆ ಬದಿಯಲ್ಲಿ ಅಕಾರ್ಡಿಯನ್ ರಿಪೇರಿ ಮಾಡುವ ವೀಟ್ಸ್ಕೆ ತನಗೊಂದು ವೆಬ್‌ಸೈಟನ್ನು ಕೈಯಾರೆ ಕಟ್ಟಿಕೊಂಡಿದ್ದಳು. ಅದರಲ್ಲಿ ಅವಳಿಗೆ ಪ್ರಾಣವಾದದ್ದು ಒಂದೇ ಪುಟ: ಕೆಲಸ ಕಲಿಸಿದ ಗುರು ಸೀಬ್ರೆನ್ ಬಗ್ಗೆ ಬರೆದದ್ದು. ವಸಂತದಲ್ಲಿ ತೀರಿಕೊಂಡ ಅವರ ಮಾತು, ಗೊಣಗಾಟ, "ಕಿವೀನ ಮನೇಲಿ ಬಿಟ್ಟು ಬಂದ್ಯಾ?" ಎಂಬ ನಿತ್ಯದ ಬೈಗುಳ, ಎಲ್ಲವನ್ನೂ ಅವರ ಹೆಂಡತಿ ಔಕ್ಯೆಯ ಬಾಯಿಂದ ಕೇಳಿ ಕೇಳಿ ಬರೆದಿದ್ದಳು. ಅದನ್ನು ನೋಡಲು ಔಕ್ಯೆ ಇವತ್ತು ಮಧ್ಯಾಹ್ನ ಕಾಫಿಗೆ ಬರುವವರಿದ್ದರು.

ಅಷ್ಟರಲ್ಲಿ ಗುರುವಿನ ಒಂದು ಫೋಟೋ ಸೇರಿಸೋಣವೆಂದು ವೀಟ್ಸ್ಕೆ, ಪುಟಗಳನ್ನು ಕಟ್ಟಿಕೊಡುವ ಜನರೇಟರ್ ಎಂಬ ತಂತ್ರಾಂಶಕ್ಕೆ ಆಜ್ಞೆ ಕೊಟ್ಟಳು. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಸೈಟನ್ನು ಹೊಸದಾಗಿ ಕಟ್ಟಿ ಮುಂದಿಟ್ಟಿತು. ಫೋಟೋ ಬಂದಿತ್ತು. ಗುರುವಿನ ಮಾತು ಒಂದೂ ಇರಲಿಲ್ಲ. 'ಸೀಬ್ರೆನ್ ಒಳ್ಳೆಯ ಕೆಲಸಗಾರರು' ಎಂದು ಅವಳು ಮೊದಲ ದಿನ ಬರೆದಿದ್ದ ಸಾಲೊಂದೇ ಹಲ್ಲು ಕಿರಿಯುತ್ತಿತ್ತು. ಅವಳು ಕಿಟಕಿ ತೆರೆದು ಪಕ್ಕದ ಮನೆಗೆ ಕೇಳುವಂತೆ ಕೂಗಿದಳು.

ಸೈಟ್ ಕಟ್ಟುವುದನ್ನು ಕಲಿಸಿಕೊಟ್ಟ ಪಕ್ಕದ ಮನೆಯ ಯೋರಿತ್ ಮನೆಚಪ್ಪಲಿಯಲ್ಲೇ ಓಡಿಬಂದ.

"ಎಲ್ಲಿ ಬರೆದಿದ್ದೆ, ಹೇಳು."

"ಪುಟದಲ್ಲೇ ಕಣೋ! ತೆಗೆದು ತಿದ್ದಿದ್ರೆ ತಕ್ಷಣ ಕಾಣ್ತಿತ್ತಲ್ಲ."

"ಅಯ್ಯೋ ಪುಣ್ಯಾತ್ಗಿತ್ತಿ! ಬೆಂದ ಬ್ರೆಡ್ಡಿಗೆ ಉಪ್ಪು ಹಾಕ್ತಾ ಕೂತಿದ್ಯಲ್ಲೇ! ಹಿಟ್ಟು, ಅಂದ್ರೆ ಮೂಲ ಬರಹ, ಇರೋದು ಇನ್ನೊಂದು ಫೋಲ್ಡರಲ್ಲಿ. ಈ ಜನರೇಟರ್ ಪ್ರತಿ ಸಲ ಹಳೇ ಬ್ರೆಡ್ ಬಿಸಾಕಿ ಆ ಹಿಟ್ಟಿಂದಾನೇ ಹೊಸದು ಬೇಯಿಸುತ್ತೆ. ಬಡ್ಕೊಂಡಿದ್ದೆ ನಿಂಗೆ."

"ನೀನು ಬಡ್ಕೊಂಡಿದ್ದೆ, ನನ್ನ ತಲೆಗೆ ಹೋಗ್ಲಿಲ್ಲ. ಔಕ್ಯಮ್ಮಂಗೆ ಈಗ ಏನಂತ ಹೇಳ್ಲಿ?" ಅವಳಿಗೆ ಅಳು ಬಂದೇಬಿಟ್ಟಿತು.

ಹಂಗಿಸುವುದರಲ್ಲಿ ಯೋರಿತ್ ಎತ್ತಿದ ಕೈ. ಅಳು ಕಂಡು ಮೆತ್ತಗಾದ. "ಇವತ್ತು ನೆಟ್‌ಗೆ ಏರಿಸಿದ್ಯಾ?"

"ಇಲ್ಲ. ನಿನ್ನೆ ಸಂಜೆ ಏರಿಸಿದ್ದೇ ಕೊನೆ. ಆಗ ಎಲ್ಲಾ ಸರಿಯಾಗೇ ಇತ್ತು."

"ಹಾಗಾದ್ರೆ ಕೈ ತೆಗಿ! ಏನೂ ಮುಟ್ಬೇಡ! ನೆಟ್‌ನಲ್ಲಿ ನಿನ್ನೇದು ಹಾಗೇ ಇರುತ್ತೆ."

ಅವನು ತನ್ನ ಫೋನಿನಲ್ಲಿ ಸೈಟ್ ತೆರೆದ. ಸೀಬ್ರೆನ್ ಅಲ್ಲಿ ಇಡಿಯಾಗಿ ಕೂತಿದ್ದರು, ಬೈಗುಳ ಸಮೇತ. ವೀಟ್ಸ್ಕೆಗೆ ಹೋದ ಜೀವ ಬಂದಂತಾಯಿತು. ಒಂದೊಂದು ಸಾಲನ್ನೂ ಅಲ್ಲಿಂದ ಎತ್ತಿ ತಂದು, ಈ ಸಲ ಹಿಟ್ಟಿನ ಫೋಲ್ಡರಿನಲ್ಲೇ ಇಟ್ಟು, ಮತ್ತೆ ಕಟ್ಟಿದಳು. ಮಾತೂ ಇತ್ತು, ಫೋಟೋವೂ ಇತ್ತು. ಯೋರಿತನ ಬೆನ್ನಿಗೊಂದು ಗುದ್ದು ಕೊಟ್ಟು ನಕ್ಕಳು.

ಔಕ್ಯೆ ಸಕ್ಕರೆ ಬ್ರೆಡ್ ಹಿಡಿದು ಬಂದರು. ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಬೈಗುಳದ ಹತ್ತಿರ ನಕ್ಕರು. ಆಮೇಲೆ ಪರದೆಯ ಮೇಲೆ ಬೆರಳಿಟ್ಟು ಕೇಳಿದರು: "ಇದು ಅಳಿಸಿಹೋದ್ರೆ ಏನ್ಮಾಡ್ತೀಯ ಮಗಾ? ಇನ್ನೊಂದ್ಸಲ ಅವರನ್ನ ಕಳ್ಕೊಳ್ಳೋ ಶಕ್ತಿ ನಂಗಿಲ್ಲ."



"ನೋಡ್ತಿರಿ," ಎನ್ನುತ್ತಾ ವೀಟ್ಸ್ಕೆ ಬೆಂದ ಪುಟಗಳ ಫೋಲ್ಡರನ್ನು ಅವರ ಕಣ್ಣೆದುರೇ ಅಳಿಸಿಬಿಟ್ಟಳು. ಪರದೆ ಬರಿದಾಯಿತು. ಔಕ್ಯೆ ಅವಳ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಹಿಟ್ಟಿನಿಂದ ಮತ್ತೆ ಕಟ್ಟಲು ವೀಟ್ಸ್ಕೆ ಆಜ್ಞೆ ಕೊಟ್ಟಳು. ಸೀಬ್ರೆನ್ ಗೊಣಗುತ್ತಲೇ ವಾಪಸು ಬಂದರು.

ಔಕ್ಯೆ ಕಣ್ಣೊರೆಸಿಕೊಂಡು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಎಲ್ಲಿ, ಇನ್ನೊಂದ್ಸಲ ಮಾಡು," ಎಂದರು.