ಸೇವ್ ಮಾಡದ ಆಟ

"ಕೊಡ್ತೀನಿ ಪುಟ್ಟಿ. ಆದ್ರೆ ಸೇವ್ ಮಾಡಬಾರದು," ಎಂದ ಹಲ್ಲಣ್ಣ, ಆಟದ ಯಂತ್ರವನ್ನು ಇನ್ನೂ ಕೈಬಿಡದೆ. ಅದರ ಒಂದು ತುದಿ ಅವನ ಕೈಯಲ್ಲಿತ್ತು, ಇನ್ನೊಂದು ತುದಿ ನಾದಿನಿಯ ಕೈಯಲ್ಲಿ.

"ಆಯ್ತು ಭಾವ, ಮಾಡಲ್ಲ. ನೋಡೋದು ನೋಡಿ ಆಫ್ ಮಾಡಿ ಕೊಡ್ತೀನಿ."

"ಯಾವ ಕಾರಣಕ್ಕೂ."

"ಅಯ್ಯೋ, ನಿಮ್ಮ ಆಸ್ತಿ ಏನೂ ನನ್ನ ಹೆಸರಿಗೆ ಬರೆಸ್ಕೊಳ್ತಿಲ್ಲ. ಬಿಡಿ ಭಾವ!"

ಅವನು ಬಿಟ್ಟ. ಬಿಟ್ಟ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಪ್ಯಾಂಟಿಗೆ ಒರೆಸಿಕೊಂಡ. ಪ್ಯಾಂಟಿನ ತುಂಬ ಬಿಳಿಯ ಪ್ಲಾಸ್ಟರ್ ಪುಡಿ ಇದ್ದುದರಿಂದ ಕೈ ಇನ್ನಷ್ಟು ಗಲೀಜಾಯಿತು.

ಬಾಯಿಯ ಅಚ್ಚು ನೋಡಿ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಬೀದಿಯವರು ಇಟ್ಟ ಹೆಸರು ಹಲ್ಲಣ್ಣ. ಮೊದಮೊದಲು ಉರಿದುಬಿದ್ದಿದ್ದ, ಆಮೇಲೆ ಬೋರ್ಡಿಗೂ ಅದನ್ನೇ ಬರೆಸಿದ. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಗೋಡೆಯುದ್ದಕ್ಕೂ ಕೆಲಸದ ಮೇಜು, ಅದರ ಮೇಲೆ ಗುಲಾಬಿ ಮೇಣದ ಹಾಳೆಗಳು, ಸಣ್ಣ ಉಜ್ಜುವ ಮೋಟಾರು, ಸಾಲಾಗಿ ಇಟ್ಟ ಪ್ಲಾಸ್ಟರಿನ ದವಡೆಗಳು. ಹೊಸದಾಗಿ ಬಂದವರು ಆ ದವಡೆಗಳನ್ನು ಕಂಡು ಒಂದು ಗಳಿಗೆ ಬಾಗಿಲಲ್ಲೇ ನಿಲ್ಲುತ್ತಿದ್ದರು. ಅವನ ಹೆಂಡತಿ ಮಾತ್ರ ಮದುವೆಯಾಗಿ ಬಂದ ಹೊಸತರಲ್ಲೇ, "ಇಷ್ಟು ಬಾಯಿ ಇದ್ರೂ ಒಂದೂ ಎದುರು ಮಾತಾಡಲ್ಲ, ನಿಮ್ಮ ಪುಣ್ಯ," ಎಂದು ನಕ್ಕಿದ್ದಳು.

ಅವಳು ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದಳು. ಪ್ರಾಣಿ ಹಿಡಿಯುವ ಆಟದ ಹುಚ್ಚು ಹತ್ತಿಸಿದ್ದು ಆ ವಾರ್ಡಿನ ಮಕ್ಕಳೇ. ಸೂಜಿ ಚುಚ್ಚಿಸಿಕೊಳ್ಳಲು ಒಪ್ಪಿಸಬೇಕಾದರೆ ಮೊದಲು ಅವರ ಆಟ ನೋಡಬೇಕಿತ್ತು; ನೋಡುತ್ತ ನೋಡುತ್ತ ತಾನೂ ಬಿದ್ದಳು. ತಾನು ಬಿದ್ದದ್ದು ಸಾಲದೆ ತಂಗಿಯನ್ನೂ ಬೀಳಿಸಿದಳು. ಅಂಗೈಯಗಲದ ಆ ಒಂದು ಯಂತ್ರಕ್ಕೆ ಆಟದ ನಾಲ್ಕು ಭಾಗಗಳು ಬಂದಿದ್ದವು. ಒಂದೊಂದಕ್ಕೂ ಯಂತ್ರದೊಳಗೆ ಸಿಕ್ಕಿಸುವ, ಬೆರಳಿನ ಉಗುರಿನಷ್ಟು ಅಗಲದ ಬಿಲ್ಲೆ, ಒಂದೊಂದಕ್ಕೂ ಬೇರೆ ಬಣ್ಣ: ಹಸಿರು, ಕೇಸರಿ, ನೀಲಿ, ಬಿಳಿ. ನಾಲ್ಕರಲ್ಲಿ ಯಾವುದು ಮೇಲು ಎಂಬುದರ ಮೇಲೆ ಅಕ್ಕ ತಂಗಿಯರ ನಡುವೆ ವರ್ಷಗಟ್ಟಲೆ ಜಗಳ ನಡೆದಿತ್ತು. ಅಕ್ಕ ಕೇಸರಿಯ ಕಡೆ, ತಂಗಿ ನೀಲಿಯ ಕಡೆ.

"ನೀಲೀಲಿ ನಾವು ಹಿಡಿದ ಪ್ರಾಣಿ ನಮ್ಮ ಹಿಂದೇನೇ ನಡ್ಕೊಂಡು ಬರುತ್ತೆ ಕಣೇ ಅಕ್ಕ. ನಿನ್ನ ಕೇಸರೀಲಿ ಏನಿದೆ? ಒಂದು ದೀಪಮೀನು ಹಿಡಿಯೋಕೆ ಕೂದಲು ಬೆಳ್ಳಗಾಗುತ್ತೆ."

"ಹುಡುಕಿದ್ರೆ ಸಿಗಬೇಕು. ಕರೆದ ತಕ್ಷಣ ಹಿಂದೆ ಬರೋದಾದ್ರೆ ಅದನ್ನ ಹಿಡಿಯೋದು ಯಾಕೆ?"

ಉಜ್ಜುವ ಮೋಟಾರಿನ ಸದ್ದಿನ ನಡುವೆ ಇದೆಲ್ಲ ಹಲ್ಲಣ್ಣನ ಕಿವಿಗೆ ಬೀಳುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಇಬ್ಬರು ದೊಡ್ಡ ಹೆಂಗಸರು ಮೀನಿಗಾಗಿ ಮುನಿಸಿಕೊಳ್ಳುವುದನ್ನು ಕಂಡು ಅವನಿಗೆ ನಗು ಬರುತ್ತಿತ್ತು. ಒಳಗೊಳಗೇ ಹಿತವೂ ಆಗುತ್ತಿತ್ತು.

ಹೋದ ವರ್ಷ ಒಂದು ಬೆಳಿಗ್ಗೆ ಡ್ಯೂಟಿಗೆಂದು ಹೋದವಳು ಅದೇ ಆಸ್ಪತ್ರೆಯ ಇನ್ನೊಂದು ವಾರ್ಡಿನ ಮಂಚದ ಮೇಲೆ ಮಲಗಿದಳು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು. ಮತ್ತೆ ಕಣ್ಣು ಬಿಡಲಿಲ್ಲ. ಹಲ್ಲಣ್ಣ ಅವಳ ಸೀರೆಗಳನ್ನು ತಂಗಿಗೆ ಕೊಟ್ಟ, ಚಪ್ಪಲಿಗಳನ್ನು ಯಾರಿಗೋ ಕೊಟ್ಟ. ಆಟದ ಯಂತ್ರ ಹಾಸಿಗೆಯ ಪಕ್ಕದ ಖಾನೆಯಲ್ಲೇ ಉಳಿಯಿತು, ಒಳಗೆ ಕೇಸರಿ ಬಿಲ್ಲೆ ಸಮೇತ.

ಈಗ ತಂಗಿ ಬಂದಿದ್ದದ್ದು ಅದಕ್ಕಾಗಿಯೇ. ಪುಟ್ಟಿ ಒಂದು ವಾರಪತ್ರಿಕೆಯ ಆಟಗಳ ಪುಟಕ್ಕೆ ಬರೆಯುತ್ತಿದ್ದಳು. ನಾಲ್ಕೂ ಭಾಗಗಳನ್ನು ಪಕ್ಕಪಕ್ಕ ಇಟ್ಟು ತೂಗಿ ನೋಡುವ ಲೇಖನವನ್ನು ಅಕ್ಕನೂ ತಾನೂ ಸೇರಿ ಬರೆಯಬೇಕೆಂದು ಎಂದೋ ಮಾತಾಗಿತ್ತು. ಸಂಪಾದಕರು ಅದನ್ನು ಮರೆಯಲಿಲ್ಲ. ಉಳಿದ ಮೂರು ಅವಳ ಬಳಿ ಇದ್ದವು; ಕೇಸರಿ ಇದ್ದದ್ದು ಅಕ್ಕನ ಬಳಿ ಮಾತ್ರ.

ಪುಟ್ಟಿ ಯಂತ್ರ ಹಿಡಿದು ಒಳಕೋಣೆಯ ಕಿಟಕಿ ಪಕ್ಕದ ಕುರ್ಚಿಗೆ ಹೋದಳು. ಅಕ್ಕ ಕೂರುತ್ತಿದ್ದ ಕುರ್ಚಿ. ಬೇರೆ ಕುರ್ಚಿ ಇರಲಿಲ್ಲ ಆ ಕೋಣೆಯಲ್ಲಿ.

ಸೇವ್ ಮಾಡಬೇಡ ಎಂದದ್ದು ಯಾಕೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲೂ ಇಲ್ಲ. ಹೇಳುವುದಾದರೂ ಹೇಗೆ? ಹೆಂಡತಿ ಹೋದ ಕೆಲವು ವಾರಗಳ ಮೇಲೆ ಒಂದು ಸಂಜೆ ಅವನು ಸುಮ್ಮನೆ ಯಂತ್ರದ ಗುಂಡಿ ಒತ್ತಿದ್ದ. ಪರದೆ ಬೆಳಗಿತು. ಅವಳು ಕೊನೆಯ ಸಲ ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದಲೇ ಆಟ ತೆರೆದುಕೊಂಡಿತು. ಒಂದು ಕೊಳದ ದಂಡೆ. ಕೆಂಪು ಟೋಪಿಯ ಪುಟ್ಟ ಹುಡುಗಿ ನೀರಿನ ಕಡೆ ಮುಖ ಮಾಡಿ ನಿಂತಿದ್ದಳು. ಆ ಹುಡುಗಿಗೆ ಅವಳು ತನ್ನ ಹೆಸರನ್ನೇ ಇಟ್ಟಿದ್ದಳು. ಕೈ ತಾಗಿ ಹುಡುಗಿ ಒಂದು ಹೆಜ್ಜೆ ಸರಿದಾಗ ಅವನ ಜೀವವೇ ಬಾಯಿಗೆ ಬಂದಿತ್ತು. ಥಟ್ಟನೆ ಆಫ್ ಮಾಡಿ ಮತ್ತೆ ಆನ್ ಮಾಡಿದರೆ, ಹುಡುಗಿ ಪುನಃ ಅಲ್ಲೇ, ಅದೇ ನೀರಿನೆದುರು. ಹಾಗೆ ಅವನಿಗೆ ಆಟದ ನಿಯಮ ತಿಳಿಯಿತು. ಈ ಆಟದಲ್ಲಿ ನೆನಪಿಡುವುದಕ್ಕೆ ಒಂದೇ ಒಂದು ಜಾಗ. ಹೊಸದನ್ನು ಸೇವ್ ಮಾಡಿದರೆ ಹಳೆಯದು ಅಳಿಯುತ್ತದೆ. ಮಾಡದಿದ್ದರೆ ಎಷ್ಟು ತಿರುಗಾಡಿದರೂ ಏನೂ ಆಗಿಲ್ಲದ ಹಾಗೆಯೇ.

ಅಂದಿನಿಂದ ದಿನವೂ ಸಂಜೆ ಕೆಲಸ ಮುಗಿಸಿ ಕೈ ತೊಳೆದು ಆ ಹುಡುಗಿಯನ್ನು ತಿರುಗಾಡಿಸುತ್ತಿದ್ದ. ಕಾಡು, ಸೇತುವೆ, ಅಲ್ಲಿಂದಾಚೆಯ ಊರು. ಕೊನೆಗೆ ಸೇವ್ ಮಾಡದೆ ಆಫ್. ಮಾರನೆಯ ದಿನ ಅವಳು ಕೊಳದ ದಂಡೆಗೆ ಬಂದಿರುತ್ತಿದ್ದಳು. ನೀರು ನೋಡುತ್ತ ಏನು ಯೋಚಿಸುತ್ತಿದ್ದಾಳೆ ಎಂಬುದೇ ಅವನಿಗೆ ಹತ್ತಿದ ಗುಂಗು. ತನಗೆ ಏನೋ ಆಗಲಿದೆ ಎಂದು ಅವಳಿಗೆ ಮೊದಲೇ ಅನ್ನಿಸಿತ್ತೋ ಏನೋ. ಹಾಗೆ ಅನ್ನಿಸಿದ್ದರಿಂದಲೇ ಬೇರೆಲ್ಲ ಬಿಟ್ಟು ಆ ನೀರಿನ ಮುಂದೆ ಹೋಗಿ ನಿಂತಳೋ ಏನೋ. ಯಾರಿಗಾದರೂ ಹೇಳಿದರೆ ತಲೆ ಕೆಟ್ಟಿದೆ ಎಂದಾರು ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದ.

ಮುಂಬಾಗಿಲಲ್ಲಿ ಕೆಮ್ಮು ಕೇಳಿಸಿತು. ಹಿಂದಿನ ವಾರ ಕೆಳಗಿನ ಸೆಟ್ಟು ಹಾಕಿಸಿಕೊಂಡು ಹೋಗಿದ್ದ ನಿವೃತ್ತ ಮೇಷ್ಟರು.

"ಏನಪ್ಪಾ ಇದು, ಸುಮ್ಮನಿದ್ರೆ ಸರಿಯಾಗಿರ್ತದೆ, ಮಾತಾಡಿದ್ರೆ ಎದ್ದು ಬರ್ತದೆ!"

"ಮೇಷ್ಟ್ರೇ, ಹಾಗಾದ್ರೆ ಮನೇಲಿ ಎಲ್ಲರಿಗೂ ಖುಷಿ ಆಗಿರಬೇಕು."

"ಅದನ್ನೇ ನಮ್ಮ ಸೊಸೆ ಹೇಳಿದ್ಲು. ತೇದು ಕೊಡು ಮಾರಾಯ."

ಅವರನ್ನು ಕೂರಿಸಿ, ಬಾಯಿ ತೆರೆಸಿ, ಎಲ್ಲಿ ತಾಗುತ್ತಿದೆ ಎಂದು ಬೆರಳಿನಲ್ಲಿ ಹುಡುಕುತ್ತಿದ್ದ. ಆಗ ಒಳಗಿನಿಂದ ಆ ಸದ್ದು ಬಂತು. ಎರಡು ಸಣ್ಣ ಗಂಟೆಯ ಸದ್ದು, ಒಂದರ ಬೆನ್ನಿಗೆ ಇನ್ನೊಂದು.

ಹಲ್ಲಣ್ಣನ ಕೈ ಮೇಷ್ಟರ ಬಾಯಲ್ಲೇ ನಿಂತಿತು, ಕತ್ತು ತಾನಾಗಿಯೇ ಒಳಬಾಗಿಲ ಕಡೆ ತಿರುಗಿತು. ಆ ಸದ್ದಾದರೆ ಅವಳು ಏಳುತ್ತಾಳೆ. ಏಳುತ್ತಾಳೆ, ಕುರ್ಚಿ ಕಿರ್ ಎನ್ನುತ್ತದೆ, ಸೆರಗು ಸರಿಮಾಡಿಕೊಳ್ಳುತ್ತ ಬಂದು, "ಊಟಕ್ಕೆ ಏಳ್ರೀ," ಎನ್ನುತ್ತಾಳೆ. ಎಷ್ಟೋ ವರ್ಷ ಹಾಗೆಯೇ ಆಗಿತ್ತು. ಕುರ್ಚಿ ಕಿರ್ ಎಂದಿತು. ಬಾಗಿಲ ಪರದೆ ಅಲುಗಿತು. ಅವನು ನಿಜವಾಗಿಯೂ ಕಾದ.

ಬಂದದ್ದು ಪುಟ್ಟಿ.

"ಭಾವ, ಬೈಬೇಡಿ," ಎಂದಳು.

ಆಗ ಅವನಿಗೆ ಅರ್ಥವಾಯಿತು. ಒಂದು ವರ್ಷದಿಂದ ಈ ಮನೆಯಲ್ಲಿ ಕೇಳಿಸದಿದ್ದ ಆ ಸದ್ದು ಸೇವ್ ಮಾಡಿದಾಗ ಬರುವುದು ಎಂಬುದೂ.

ಮೇಷ್ಟರು ಬಾಯಿ ತೆರೆದುಕೊಂಡೇ ಇಬ್ಬರನ್ನೂ ನೋಡಿದರು. ಅವರ ಸೆಟ್ಟನ್ನು ಹೇಗೆ ತೇದ, ಏನು ಹೇಳಿ ಕಳಿಸಿದ ಎಂಬುದು ಹಲ್ಲಣ್ಣನಿಗೆ ಆಮೇಲೆ ನೆನಪಿರಲಿಲ್ಲ. ಅವರು ಹೋದ ಮೇಲೆ ಸ್ಟೂಲಿನ ಮೇಲೆ ಕುಸಿದ.

"ಹೇಳಿದ್ದೆ ನಾನು. ಎಷ್ಟು ಸಲ ಹೇಳಿದ್ದೆ."

"ನಾನು ಮಾಡಲಿಲ್ಲ ಭಾವ, ಹೆಬ್ಬೆಟ್ಟು ಮಾಡಿಬಿಡ್ತು. ಅಂಗಡೀಲಿ ಏನೇನು ಸಿಗುತ್ತೆ ಅಂತ ನೋಡೋಕೆ ಊರಿಗೆ ಹೋದೆ. ಅಂಗಡಿಯಿಂದ ಹೊರಗೆ ಬಂದ ತಕ್ಷಣ ಸೇವ್ ಮಾಡೋದು ನಮಗೆಲ್ಲ ರೂಢಿ. ಹಳೇದನ್ನ ಅಳಿಸಲಾ ಅಂತ ಕೇಳುತ್ತೆ, ಓದೋದ್ರೊಳಗೆ ಬೆರಳು ಹೂಂ ಅಂದಿರುತ್ತೆ." ಅವಳು ಯಂತ್ರವನ್ನು ತಂದು ಅವನ ಮುಂದೆ ಮೇಜಿನ ಮೇಲಿಟ್ಟಳು. "ಆದ್ರೆ ಅಕ್ಕ ಹಿಡಿದಿದ್ದೆಲ್ಲ ಹಾಗೇ ಇದೆ ಭಾವ, ಒಂದೂ ಹೋಗಿಲ್ಲ. ನೋಡಿ ಬೇಕಾದ್ರೆ."

"ನನಗೆ ಅವು ಬೇಡ. ಅವಳು ನಿಂತಿದ್ದ ಜಾಗ ಹೋಯ್ತು."

ಹೇಳಿದ. ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು, ಮೇಜಿನ ಮೇಲಿನ ಮೇಣದ ಚೂರನ್ನು ಹಿಸುಕುತ್ತ, ಅವಳ ಮುಖ ನೋಡದೆ ಹೇಳಿದ. ಪುಟ್ಟಿ ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದಳು. ಕೇಳುತ್ತ ಅತ್ತಳು.

"ದಿನಾ? ಸೇವ್ ಮಾಡದೇ?"

"ದಿನಾ."

"ಹಾಗಾದ್ರೆ ನನಗಿಂತ ನೀವೇ ಜಾಸ್ತಿ ಆಡಿದೀರಿ ಕೇಸರೀನ."

"ನಾನು ಆಡಿರೋದು ಒಂದೇ ದಿನ ಪುಟ್ಟಿ. ಅದನ್ನೇ ಮತ್ತೆ ಮತ್ತೆ." ಮೇಣದ ಚೂರನ್ನು ಕೆಳಗಿಟ್ಟು ಕೇಳಿದ, "ಅಲ್ಲಿ ನಿಂತು ಏನು ನೋಡ್ತಿದ್ದಳು ಅವಳು? ನಿಮ್ಮಿಬ್ಬರಿಗೆ ಮಾತ್ರ ತಿಳಿಯೋದು ಇದೆಲ್ಲ. ನೀರಲ್ಲಿ ಏನಿತ್ತು?"

ಪುಟ್ಟಿ ಕಣ್ಣೊರೆಸಿಕೊಂಡಳು. ಹೇಳಲೋ ಬೇಡವೋ ಎಂಬಂತೆ ಅವನನ್ನೇ ನೋಡಿದಳು.

"ದೀಪಮೀನು ಭಾವ. ಹಸಿರು ಭಾಗದಲ್ಲಿ ಅದು ಇರಲೇ ಇಲ್ಲ. ನೀಲೀಲಿ ಎಲ್ಲ ಹಳ್ಳದಲ್ಲೂ ಇದೆ, ಬಿಳೀದ್ರಲ್ಲಿ ಯಾರೋ ಒಬ್ಬ ಸುಮ್ಮನೆ ಕೈಗೇ ಕೊಟ್ಟುಬಿಡ್ತಾನೆ. ಕೇಸರೀಲಿ ಮಾತ್ರ ಆ ಒಂದು ಕೊಳದಲ್ಲೇ ಸಿಗೋದು. ಅಕ್ಕನ ಹತ್ರ ಅದೊಂದೇ ಇರಲಿಲ್ಲ. ಗಾಳ ಹಾಕೋದು, ಬರಲಿಲ್ಲ ಅಂದ್ರೆ ಅಲ್ಲೇ ಸೇವ್ ಮಾಡಿ ಏಳೋದು."

"ಅಷ್ಟೇನಾ?"

"ಅಷ್ಟೇ. ಡ್ಯೂಟಿಗೆ ಹೊತ್ತಾಗಿರಬೇಕು. ನನ್ನ ಹೆಬ್ಬೆಟ್ಟಿನ ಹಾಗೇ ಅವಳದ್ದೂ."

ಹಲ್ಲಣ್ಣನಿಗೆ ನಗು ಬರಬೇಕಿತ್ತು. ಬರಲಿಲ್ಲ. ಇಷ್ಟು ದಿನ ಅವಳ ಮೌನ ಎಂದುಕೊಂಡಿದ್ದದ್ದು ಬರೀ ಮೀನು. ಅವಳಿಗೆ ಏನೂ ಗೊತ್ತಿರಲಿಲ್ಲ. ಸಂಜೆ ಬಂದು ಮತ್ತೆ ಗಾಳ ಹಾಕುತ್ತೇನೆ ಎಂದುಕೊಂಡೇ ಚಪ್ಪಲಿ ಮೆಟ್ಟಿ ಹೋದಳು. ಇದು ಅವನು ಹೆದರಿದ್ದಕ್ಕಿಂತ ಹೆಚ್ಚು ನೋಯಿಸಿತು.

"ಕೊಡಿ ಭಾವ," ಎಂದಳು ಪುಟ್ಟಿ. "ಅಲ್ಲೇ ವಾಪಸ್ ನಿಲ್ಲಿಸಿ ಸೇವ್ ಮಾಡ್ತೀನಿ. ನೀವು ತೋರಿಸಿ. ಒಂದು ಕೂದಲೆಳೆ ಆಚೀಚೆ ಆಗಲ್ಲ."

ಅವನು ಯೋಚಿಸಿದ. ಆ ಜಾಗ ಅವನಿಗೆ ಗೊತ್ತಿತ್ತು. ಎಡಕ್ಕೆ ಮುರಿದ ಬೇಲಿ, ಬಲಕ್ಕೆ ಹಳದಿ ಹೂವಿನ ಪೊದೆ. ಕಣ್ಣು ಮುಚ್ಚಿಕೊಂಡೂ ಅವಳನ್ನು ಅಲ್ಲಿ ನಿಲ್ಲಿಸಬಲ್ಲ. ಆದರೆ ಜೀವಮಾನವೆಲ್ಲ ಇದ್ದದ್ದರ ಹಾಗೆಯೇ ಇರುವುದನ್ನು ಮಾಡಿಕೊಟ್ಟವನು ಅವನು. ಕನ್ನಡಿಯಲ್ಲಿ ನೋಡಿಕೊಂಡು, ಚೆನ್ನಾಗಿದೆ, ಥೇಟ್ ನನ್ನದರ ಹಾಗೇ ಇದೆ ಎಂದು ಹೇಳುವ ಗಿರಾಕಿಗಳ ಕಣ್ಣಲ್ಲಿ, ಅದು ತಮ್ಮದಲ್ಲ ಎಂಬ ಅರಿವನ್ನೂ ಅವನು ಬಹಳ ನೋಡಿದ್ದ.

"ಬೇಡ," ಎಂದ. "ಅದು ನಾವು ನಿಲ್ಲಿಸಿದ್ದಾಗುತ್ತೆ."

ಪುಟ್ಟಿ ಬಲವಂತ ಮಾಡಲಿಲ್ಲ. ಲೇಖನದಲ್ಲಿ ಯಾವುದನ್ನು ಮೊದಲಿಡುತ್ತೀಯ ಎಂದು ಅವನು ಕೇಳಿದಾಗ, "ನನಗೆ ಈಗಲೂ ನೀಲೀನೇ," ಎಂದಳು. ಆಮೇಲೆ, "ಅಕ್ಕ ಇದ್ದಿದ್ರೆ ಜಗಳ ಆಡೋಳು. ಈಗ ಎದುರು ಹೇಳೋರೇ ಇಲ್ಲ," ಎಂದು ಚಪ್ಪಲಿ ಹುಡುಕಿಕೊಂಡಳು. ಗೇಟಿನ ಹತ್ತಿರ ನಿಂತು ಹಿಂತಿರುಗಿ ನೋಡಿದಳು. ಅವನು ಕೈಯೆತ್ತಿ, ಹೋಗು ಹೋಗು, ಏನಿಲ್ಲ ಎಂಬಂತೆ ಸನ್ನೆ ಮಾಡಿದ.

ಒಳಗೆ ಬಂದು ಯಂತ್ರವನ್ನು ಕೈಗೆತ್ತಿಕೊಳ್ಳುವಾಗ ಹಲ್ಲಣ್ಣನಿಗೆ ಭಯವಾಯಿತು. ಅಲ್ಲಿ ಯಾರೂ ಇರುವುದಿಲ್ಲವೇನೋ ಎಂಬ ಭಯ. ಗುಂಡಿ ಒತ್ತಿದ.

ಊರಿನ ಅಂಗಡಿ, ಅದರ ಮುಚ್ಚಿದ ಬಾಗಿಲು. ಬಾಗಿಲ ಮುಂದೆ ಕೆಂಪು ಟೋಪಿಯ ಹುಡುಗಿ, ಈಗಷ್ಟೇ ಹೊರಗೆ ಬಂದವಳ ಹಾಗೆ, ಅವನ ಕಡೆಗೆ ಮುಖ ಮಾಡಿ ನಿಂತಿದ್ದಳು. ತೆರೆದಾಗಲೆಲ್ಲ ಅವನಿಗೆ ಮೊದಲು ಕಾಣುತ್ತಿದ್ದದ್ದು ಅವಳ ಬೆನ್ನು. ಈಗ ಟೋಪಿಯ ಕೆಳಗೆ ಎರಡು ಕಪ್ಪು ಚುಕ್ಕೆಯ ಕಣ್ಣುಗಳು ನೇರವಾಗಿ ಅವನನ್ನೇ ನೋಡುತ್ತಿದ್ದವು. ಅವಳು ಯಾವ ನೀರನ್ನೂ ನೋಡುತ್ತಿರಲಿಲ್ಲ. ಎಲ್ಲಿಗೆ ಹೋಗಬೇಕು ಎಂದು ಅವನು ಹೇಳುವುದನ್ನು ಕಾಯುತ್ತಿದ್ದಳು.

"ಏನು?" ಎಂದ ಹಲ್ಲಣ್ಣ. ಅವನ ದನಿ ಅವನಿಗೇ ಅಪರಿಚಿತವಾಗಿ ಕೇಳಿಸಿತು.

ಹೆಬ್ಬೆರಳು ಗುಂಡಿಯ ಮೇಲಿತ್ತು. ಕಾಡಿನ ಕಡೆಯೋ, ಸೇತುವೆಯ ಕಡೆಯೋ, ಕೊಳದ ಕಡೆಯೋ ಅವನಿಗೆ ಒತ್ತಲಾಗಲಿಲ್ಲ. ಆಫ್ ಮಾಡಲೂ ಆಗಲಿಲ್ಲ. ಕೊನೆಗೆ ಚಾರ್ಜರ್ ವಯರು ಸಿಕ್ಕಿಸಿ, ಯಂತ್ರವನ್ನು ಮೇಜಿನ ಮೇಲೆ ಮೇಣದ ಡಬ್ಬಿಗೆ ಒರಗಿಸಿ ನಿಲ್ಲಿಸಿದ. ಅದರೆದುರು ಸ್ಟೂಲು ಎಳೆದುಕೊಂಡು, ಮಾರನೆಯ ದಿನ ಕೊಡಬೇಕಾದ ಮೇಲ್ದವಡೆಯ ಸೆಟ್ಟಿನ ಕೆಲಸ ಹಿಡಿದ. ಬಿಸಿ ಮಾಡಿದ ಮೇಣದಲ್ಲಿ ಹಲ್ಲೊಂದನ್ನು ಕೂರಿಸುವುದು, ಕಣ್ಣೆತ್ತುವುದು; ಮತ್ತೊಂದನ್ನು ಕೂರಿಸುವುದು, ಕಣ್ಣೆತ್ತುವುದು. ಯಾರೂ ಮುಟ್ಟದಿದ್ದರೆ ಪರದೆಯ ಬೆಳಕು ತಾನಾಗಿ ಮಂಕಾಗತೊಡಗುತ್ತಿತ್ತು, ಹುಡುಗಿಯ ಮುಖ ಕತ್ತಲಿಗೆ ಇಳಿಯುತ್ತಿತ್ತು. ಆಗ ಅವನು ಕೈಯಲ್ಲಿದ್ದುದನ್ನು ಕೆಳಗಿಟ್ಟು, ಪ್ಲಾಸ್ಟರ್ ಹತ್ತಿದ ಬೆರಳಿನಿಂದ ಪರದೆಯ ಮೂಲೆಯನ್ನು ಮೆಲ್ಲಗೆ ಮುಟ್ಟುತ್ತಿದ್ದ. ಮುಖ ಮತ್ತೆ ಬೆಳಗುತ್ತಿತ್ತು. ಅವನು ಇನ್ನೊಂದು ಹಲ್ಲನ್ನು ಎತ್ತಿಕೊಳ್ಳುತ್ತಿದ್ದ.